ಡೇಟಾಬೇಸ್ ತುಂಬಿದೆ: ಬಳಕೆದಾರರ ಕೈಪಿಡಿ

ಪೋಸ್ಟ್‌ಗ್ರೆಸ್ ಡೇಟಾಬೇಸನ್ನು ಆರಿಸಿಕೊಂಡಿದ್ದಕ್ಕೆ ಅಭಿನಂದನೆಗಳು. ಆರಿಸಿದ್ದು ನೀವಲ್ಲ, ಕೆಲಸ ಬಿಟ್ಟು ಹೋದ ಇನ್ಯಾರೋ ಎಂಬುದು ನಮಗೂ ಗೊತ್ತು. ಆದರೂ ಕೈಪಿಡಿ ಎಂದ ಮೇಲೆ ಹೀಗೇ ಶುರುವಾಗಬೇಕು. ಸರ್ವರ್ ಚಾಲೂ ಮಾಡುವ ಮೊದಲು ಇದನ್ನು ಪೂರ್ತಿ ಓದತಕ್ಕದ್ದು. ಹಾಗೆ ಓದಿದವರು ಯಾರೂ ಇಲ್ಲವಾದ್ದರಿಂದ ನೇರ ದೋಷಕ್ಕೇ ಬರೋಣ.

ದೋಷದ ಲಕ್ಷಣ

ಆಪ್ ಮೊದಲು ತೆವಳುತ್ತದೆ, ಆಮೇಲೆ ನಿಲ್ಲುತ್ತದೆ. ಲಾಗ್‌ನಲ್ಲಿ ‘ಫೇಟಲ್: ಸಾರಿ, ಟೂ ಮೆನಿ ಕ್ಲೈಂಟ್ಸ್ ಆಲ್ರೆಡಿ’ ಎಂಬ ಸಾಲು ಕಾಣುತ್ತದೆ. ಸಾಯುವ ಸುದ್ದಿಯ ಜೊತೆ ಕ್ಷಮೆಯನ್ನೂ ಕೇಳುವ ಸಾಫ್ಟ್‌ವೇರ್ ಅಪರೂಪ. ಮೈಎಸ್‌ಕ್ಯೂಎಲ್ ಆಗಿದ್ದರೆ 1040 ಎಂಬ ನಂಬರು ಕೈಗಿಟ್ಟು, ಕನೆಕ್ಷನ್ ಜಾಸ್ತಿಯಾಯಿತು ಎಂದಷ್ಟೇ ಹೇಳಿ ಮುಗಿಸುತ್ತಿತ್ತು.

ಒಮ್ಮೆಗೆ ಎಷ್ಟು ಕನೆಕ್ಷನ್ ಎಂಬುದಕ್ಕೆ ಮ್ಯಾಕ್ಸ್ ಕನೆಕ್ಷನ್ಸ್ ಎಂಬ ಮಿತಿಯಿದೆ. ಯಾರೂ ಮುಟ್ಟದಿದ್ದರೆ ಅದು 100. ಅದರಲ್ಲಿ 3 ಸೂಪರ್‌ಯೂಸರ್‌ಗೆ ಮೀಸಲು, ಇಂಥ ಹೊತ್ತಿನಲ್ಲಿ ಒಳಗೆ ಹೋಗಿ ನೋಡಲು ಯಾರಾದರೊಬ್ಬರಿಗೆ ದಾರಿಯಿರಲಿ ಎಂದು. ಆಪನ್ನೇ ಸೂಪರ್‌ಯೂಸರ್ ಹೆಸರಿನಲ್ಲಿ ಓಡಿಸುತ್ತಿದ್ದರೆ ಆ ಮೂರನ್ನೂ ಅದೇ ನುಂಗಿರುತ್ತದೆ. ಅಂಥವರು ಮುಂದಿನ ಪುಟಗಳನ್ನು ಹೊರಗೆ ನಿಂತೇ ಓದಿಕೊಳ್ಳಬೇಕು.

ಎಲ್ಲರೂ ಮೊದಲು ಮಾಡುವ ರಿಪೇರಿ

ಹಂತ 1: 100ನ್ನು 1000 ಮಾಡಿ. ಹಂತ 2: ಇದು ಜಾರಿಗೆ ಬರಲು ಡೇಟಾಬೇಸ್ ರೀಸ್ಟಾರ್ಟ್ ಆಗಬೇಕೆಂದು ಈಗ ತಿಳಿದುಕೊಂಡು ಬೆವರಿ. ಹಂತ 3: ರೀಸ್ಟಾರ್ಟ್ ಮಾಡಿ. ಹಳೆಯ ಕನೆಕ್ಷನ್‌ಗಳೆಲ್ಲ ಅದರಲ್ಲೇ ಕಡಿದುಹೋಗುವುದರಿಂದ ಆಪ್ ತಕ್ಷಣ ಚೇತರಿಸಿಕೊಳ್ಳುತ್ತದೆ. ಹಂತ 4: ಸರಿಹೋಗಿದ್ದು 1000ದಿಂದ ಎಂದು ನಂಬಿ, ಮ್ಯಾನೇಜರಿಗೆ ಮೇಲ್ ಹಾಕಿ, ಮಲಗಿ.

ಎಚ್ಚರಿಕೆ. ಪೋಸ್ಟ್‌ಗ್ರೆಸ್ ಒಂದೊಂದು ಕನೆಕ್ಷನ್‌ಗೂ ಒಂದೊಂದು ಪ್ರತ್ಯೇಕ ಪ್ರೋಸೆಸ್ ಹುಟ್ಟಿಸುತ್ತದೆ. ಅದು ಸುಮ್ಮನೆ ಕೂತರೂ ಮೆಮೊರಿ ಹಿಡಿದುಕೊಂಡೇ ಕೂರುತ್ತದೆ. ಕೆಲಸಕ್ಕೆ ಇಳಿದರೆ ಇನ್ನೂ ಬೇಕು. ವರ್ಕ್ ಮೆಮ್ ಎಂಬ 4 ಎಂಬಿಯ ಮಿತಿ ಇಡೀ ಕನೆಕ್ಷನ್‌ಗಲ್ಲ, ಕ್ವೆರಿಯೊಳಗಿನ ಒಂದೊಂದು ಸಾರ್ಟಿಗೂ ಒಂದೊಂದು ಹ್ಯಾಶಿಗೂ ಬೇರೆಬೇರೆ. ರಿಪೋರ್ಟ್ ಬೇಗ ಬರಲಿ ಎಂದು ಯಾರೋ ಅದನ್ನು 64 ಮಾಡಿಟ್ಟಿದ್ದರೆ, 1000 ಕನೆಕ್ಷನ್ ತಲಾ ಒಂದು ಸಾರ್ಟ್‌ಗೆ ಕೈಹಾಕಿದರೂ ಲೆಕ್ಕ 62 ಜಿಬಿ ದಾಟುತ್ತದೆ. ಮೆಮೊರಿ ಬರಿದಾದಾಗ ಲಿನಕ್ಸ್ ಯಾವುದೋ ಒಂದು ಪ್ರೋಸೆಸ್ಸನ್ನು ಕೊಲ್ಲುತ್ತದೆ. ಸತ್ತದ್ದು ಪೋಸ್ಟ್‌ಗ್ರೆಸ್‌ನದಾದರೆ ಅದು ಉಳಿದ ಎಲ್ಲರನ್ನೂ ಹೊರಹಾಕಿ ರಿಕವರಿಗೆ ಕೂರುತ್ತದೆ. ಮೊದಲು ಬಾಗಿಲಲ್ಲಿ ಕೆಲವರಿಗೆ ಜಾಗವಿರಲಿಲ್ಲ, ಈಗ ಒಳಗಿದ್ದವರಿಗೂ ಇಲ್ಲ. ಸುಧಾರಣೆ ಎಂದರೆ ಇದು.

ನಿಜವಾದ ಪತ್ತೆ

ಮೀಸಲು ಕನೆಕ್ಷನ್ನಿನಿಂದ ಒಳಗೆ ಹೋಗಿ ಪಿಜಿ ಸ್ಟ್ಯಾಟ್ ಆ್ಯಕ್ಟಿವಿಟಿ ಎಂಬ ವ್ಯೂ ನೋಡಿ. ‘ಸ್ಟೇಟ್’ ಕಾಲಂನಲ್ಲಿ ಯಾರು ಏನು ಮಾಡುತ್ತಿದ್ದಾರೆ ಎಂದಿರುತ್ತದೆ. ‘ಆ್ಯಕ್ಟಿವ್’ ಎಂದವರು ನಾಲ್ಕೈದು ಸಿಕ್ಕರೆ ನಿಮ್ಮ ಪುಣ್ಯ. ಉಳಿದದ್ದೆಲ್ಲ ‘ಐಡಲ್’. ಸರ್ಕಾರಿ ಕಚೇರಿಯ ಬಗ್ಗೆ ಜೋಕು ಮಾಡುವ ಮೊದಲು ಈ ಪಟ್ಟಿಯನ್ನೊಮ್ಮೆ ನೋಡುವುದು ಒಳ್ಳೆಯದು.

ಇವರ ನಡುವೆ ‘ಐಡಲ್ ಇನ್ ಟ್ರಾನ್ಸಾಕ್ಷನ್’ ಎಂಬ ಇನ್ನೊಂದು ಜಾತಿಯಿದೆ. ಮದುವೆ ಊಟದಲ್ಲಿ ಮಜ್ಜಿಗೆಯೂ ಮುಗಿದು ಕೈ ಒಣಗಿದರೂ ಎಲೆ ಮಡಚದೆ ಹರಟುವವರಿರುತ್ತಾರಲ್ಲ, ಅವರೇ ಇವರು. ಹಿಂದೆ ಮುಂದಿನ ಪಂಕ್ತಿಯವರು ಕುರ್ಚಿ ಹಿಡಿದು ನಿಂತಿರುತ್ತಾರೆ. ಇವರು ಜಾಗದ ಜೊತೆಗೆ ಹಿಡಿದ ಲಾಕನ್ನೂ ಬಿಡುವುದಿಲ್ಲ, ವ್ಯಾಕ್ಯೂಮ್ ಕಸ ಗುಡಿಸಲೂ ಅಡ್ಡ. ಕಾರಣ ಹೆಚ್ಚಾಗಿ ಒಂದೇ: ಕೋಡು ಟ್ರಾನ್ಸಾಕ್ಷನ್ ಶುರು ಮಾಡಿ, ನಡುವೆ ಪೇಮೆಂಟ್ ಗೇಟ್‌ವೇಗೋ ಎಸ್‌ಎಂಎಸ್ ಸೇವೆಗೋ ಕರೆಮಾಡಿ, ಉತ್ತರಕ್ಕೆ ಕಾಯುತ್ತಿರುತ್ತದೆ. ಇವರನ್ನು ಗಡುವು ಮೀರಿದ ಮೇಲೆ ತಾನಾಗಿ ಎಬ್ಬಿಸುವ ಸೆಟ್ಟಿಂಗ್ 2016ರ 9.6 ಆವೃತ್ತಿಯಿಂದಲೂ ಇದೆ. ಅದು ಮೂಲದಲ್ಲಿ ಆಫ್ ಆಗಿರುತ್ತದೆ, ನಿಮ್ಮಲ್ಲೂ ಆಫ್ ಆಗಿಯೇ ಇದೆ.

ಇನ್ನು ಒಂದು ಗುಣಾಕಾರ. ಜಾವಾದ ಹಿಕಾರಿಸಿಪಿ ಎಂಬ ಕನೆಕ್ಷನ್ ಪೂಲ್ ತನ್ನ ಪಾಡಿಗೆ 10 ಕನೆಕ್ಷನ್ ಇಟ್ಟುಕೊಳ್ಳುತ್ತದೆ. ಆಪ್‌ನ 12 ಪ್ರತಿಗಳು ಓಡುತ್ತಿದ್ದರೆ 120. ಹೊಸ ಆವೃತ್ತಿ ಡಿಪ್ಲಾಯ್ ಆಗುವಾಗ ಹಳೆಯವು ಹೋಗುವ ಮೊದಲೇ ಹೊಸವು ಬಂದು ನಿಲ್ಲುವುದರಿಂದ ಇನ್ನೂ ಜಾಸ್ತಿ. ಟ್ರಾಫಿಕ್ ಇಲ್ಲದ ಹೊತ್ತು ನೋಡಿ ಡಿಪ್ಲಾಯ್ ಮಾಡಿದರೂ ಯಾಕೆ ಕೈಕೊಡುತ್ತದೆ ಎಂಬುದಕ್ಕೆ ಮೀಟಿಂಗ್ ಕರೆಯಬೇಕಿಲ್ಲ, ಮಗ್ಗಿ ಸಾಕು.

ಪೂಲರ್ ಅಳವಡಿಕೆ

ಪಿಜಿಬೌನ್ಸರ್ ತನ್ನಿ. ಇದು ಸ್ಕೈಪ್ ಕಂಪನಿಯೊಳಗೆ ಹುಟ್ಟಿ 2007ರಲ್ಲಿ ಹೊರಬಂದ, ಆಪ್‌ಗೂ ಡೇಟಾಬೇಸಿಗೂ ನಡುವೆ ನಿಂತು ಕನೆಕ್ಷನ್ ಹಂಚುವ ಸಣ್ಣ ಪ್ರೋಗ್ರಾಂ. ಆಪು 5432ರ ಬದಲು 6432 ಪೋರ್ಟಿಗೆ ಹೋಗಲಿ. ‘ಟ್ರಾನ್ಸಾಕ್ಷನ್’ ಮೋಡ್ ಹಾಕಿ: ಟ್ರಾನ್ಸಾಕ್ಷನ್ ಮುಗಿದೊಡನೆ ಕನೆಕ್ಷನ್ ಮುಂದಿನವರ ಪಾಲು. ಸಾವಿರ ಕ್ಲೈಂಟುಗಳು ಈ ಕಡೆ ನಿಂತರೂ ಡೇಟಾಬೇಸಿನ ಕಡೆ 20 ಸಾಕಾಗುತ್ತದೆ. ಮ್ಯಾನೇಜರ್ ನಂಬುವುದಿಲ್ಲ. ಕೋರ್‌ಗಳ ಎರಡರಷ್ಟು, ಅದಕ್ಕೆ ಡಿಸ್ಕುಗಳ ಸಂಖ್ಯೆ ಕೂಡಿಸಿ ಎಂಬ ಹಳೆಯ ಸೂತ್ರವಿದೆ, 8 ಕೋರ್ ಯಂತ್ರಕ್ಕೆ 17ರ ಹತ್ತಿರ ಬರುತ್ತದೆ ಎಂದು ತೋರಿಸಿ. ಆಗಲೂ ನಂಬುವುದಿಲ್ಲ. 50 ಎಂದು ಹೇಳಿ 20 ಹಾಕಿ.

ಪಿಜಿಬೌನ್ಸರ್‌ಗೂ ಕ್ಲೈಂಟುಗಳ ಮಿತಿಯಿದೆ, ಅದೂ ಮೂಲದಲ್ಲಿ 100. ಇದನ್ನು ಏರಿಸಲು ಮರೆತರೆ ದೋಷ ಹೋಗುವುದಿಲ್ಲ, ವಿಳಾಸ ಬದಲಿಸುತ್ತದೆ. ಟ್ರಾನ್ಸಾಕ್ಷನ್ ಮೋಡಿನಲ್ಲಿ ಸೆಷನ್ನಿಗೆ ಅಂಟಿದ ಯಾವುದನ್ನೂ ನೆಚ್ಚಬೇಡಿ. ನೀವು ‘ಸೆಟ್’ ಮಾಡಿದ ಸೆಟ್ಟಿಂಗ್ ಇನ್ಯಾರದೋ ಕ್ವೆರಿಗೆ ಅಂಟಬಹುದು, ‘ಲಿಸನ್’ ಕೇಳಿಸಿಕೊಳ್ಳುವುದಿಲ್ಲ. ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಬೇಕಿದ್ದರೆ 2023ರ 1.21 ಅಥವಾ ಅದಕ್ಕಿಂತ ಹೊಸದು ಹಾಕಿಕೊಳ್ಳಿ.

ಪದೇಪದೇ ಕೇಳುವ ಪ್ರಶ್ನೆ

ಪೂಲೂ ತುಂಬಿದರೆ? ಪೂಲ್ ದೊಡ್ಡದು ಮಾಡಬೇಡಿ, ಕ್ವೆರಿ ನೋಡಿ. ಒಂದು ಕ್ವೆರಿ 5 ಮಿಲಿಸೆಕೆಂಡಿನಲ್ಲಿ ಮುಗಿದರೆ 20 ಕನೆಕ್ಷನ್ ಸೆಕೆಂಡಿಗೆ 4000 ಕ್ವೆರಿ ಎಳೆಯಬಲ್ಲವು. ಅದೇ ಕ್ವೆರಿ 2 ಸೆಕೆಂಡು ತಿಂದರೆ ಬರೇ 10. ಇಂಡೆಕ್ಸ್ ಇಲ್ಲದ ಟೇಬಲ್ ಹುಡುಕಿ, ಇಂಡೆಕ್ಸ್ ಹಾಕಿ. ಆ ಕ್ವೆರಿ ಬರೆದವರ ಹೆಸರನ್ನು ಗಿಟ್ ಬ್ಲೇಮ್ ಹೇಳುತ್ತದೆ. ಅದನ್ನು ಮೀಟಿಂಗಿನ ದೊಡ್ಡ ಪರದೆಯ ಮೇಲೆ ಓಡಿಸಬೇಡಿ. ಮ್ಯಾನೇಜರೂ ಒಂದು ಕಾಲದಲ್ಲಿ ಕೋಡ್ ಬರೆಯುತ್ತಿದ್ದರು.