ಗ್ನೋಮ್: ಬಳಕೆದಾರರ ಕೈಪಿಡಿ (ಸಿಂಗಸಂದ್ರ ಆವೃತ್ತಿ)

ಬಳಸುವ ಮುನ್ನ

ಗ್ನೋಮ್ ಆರಿಸಿಕೊಂಡಿದ್ದಕ್ಕೆ ಧನ್ಯವಾದಗಳು. ನೀವಾಗಿಯೇ ಆರಿಸಿಕೊಂಡಿರಲಿಕ್ಕಿಲ್ಲ, ಅದು ನಮಗೂ ಗೊತ್ತು. ಶನಿವಾರ ಸಂಜೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡಲು ಎಇಸಿಎಸ್ ಲೇಔಟಿನ ಆ ಮೂರನೇ ಮಹಡಿ ಮುಟ್ಟುವಷ್ಟರಲ್ಲಿ ಎಲ್ಫ್ ಹೋಗಿರುತ್ತದೆ. ಡ್ವಾರ್ಫನ್ನು ಜಿಮ್ಮಿಗೆ ಹೋಗುವವನು ಹಿಡಿದುಕೊಂಡಿರುತ್ತಾನೆ. ಕೊಂಬಿರುವ ಟೀಫ್ಲಿಂಗ್ ಯಾರದೆಂದು ಹಿಂದಿನ ವಾರವೇ ವಾಟ್ಸಾಪಿನಲ್ಲಿ ತೀರ್ಮಾನವಾಗಿರುತ್ತದೆ. "ನೀನು ಗ್ನೋಮ್ ಆಗ್ಬಿಡು ಮಗಾ, ಪಾರ್ಟಿಗೆ ಬ್ಯಾಲೆನ್ಸ್ ಬರುತ್ತೆ" ಅನ್ನುತ್ತಾನೆ ಡಿಎಂ. ಡಿಎಂ ಎಂದರೆ ಡಂಜನ್ ಮಾಸ್ಟರ್: ಕತೆ ಕಟ್ಟುವವನು, ರಾಕ್ಷಸರ ಪರವಾಗಿ ದಾಳ ಉರುಳಿಸುವವನು, ಬಹುತೇಕ ಆ ಫ್ಲ್ಯಾಟಿನ ಅಡ್ವಾನ್ಸ್ ಕೊಟ್ಟವನೂ ಅವನೇ. ಅವನ ಜೊತೆ ವಾದಕ್ಕಿಳಿಯಬೇಡಿ. ಇಪ್ಪತ್ತು ಮುಖದ ದಾಳ ಅವನದು.

ಎಚ್ಚರಿಕೆ: ಹೊಸೂರು ರಸ್ತೆಯ ನರ್ಸರಿಗಳಲ್ಲಿ ಕುಂಡಗಳ ನಡುವೆ ನಿಂತಿರುವ ಕೆಂಪು ಟೋಪಿಯ ಬೊಂಬೆ ಈ ಉತ್ಪನ್ನವಲ್ಲ. ಅದರ ವಂಶ ಬೇರೆ. ಚಾರ್ಲ್ಸ್ ಐಶಮ್ ಎಂಬ ಜಮೀನುದಾರ 1840ರ ದಶಕದಲ್ಲಿ ಅಂಥವನ್ನು ಜರ್ಮನಿಯಿಂದ ಇಂಗ್ಲೆಂಡಿನ ತನ್ನ ತೋಟಕ್ಕೆ ತರಿಸಿದ್ದ. ಅವು ಮಾತಾಡುವುದಿಲ್ಲ. ನಿಮ್ಮದು ಮಾತಾಡುತ್ತದೆ, ಬಹಳ ಮಾತಾಡುತ್ತದೆ.

ಉತ್ಪನ್ನದ ಸ್ಥಾನ

ಇದನ್ನು ಬೆಂಗಳೂರಿನ ಸಿಂಗಸಂದ್ರದಲ್ಲಿ ಕೂತು ವಿವರಿಸುವುದು ಸುಲಭ. ಸಿಲ್ಕ್ ಬೋರ್ಡಿನಲ್ಲಿ ಮೇಲೇರಿದ ಕಾರು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಳಗಿಳಿಯುತ್ತದೆ. 2010ರ ಜನವರಿಯಲ್ಲಿ ಆ ಸುಮಾರು 10 ಕಿಲೋಮೀಟರಿನ ಮೇಲ್ಸೇತುವೆ ತೆರೆದಾಗಿನಿಂದ ಅದರ ಮೇಲೆ ಓಡಾಡುವವರ ಪಾಲಿಗೆ ಕೂಡ್ಲು ಗೇಟಿಗೂ ಹೊಸ ರೋಡಿಗೂ ನಡುವಿನ ಈ ಊರು ಇಲ್ಲ. ಆದರೆ ಕೆಳಗೆ ಇದ್ದೇ ಇದೆ, ಪಿಜಿಗಳು, ಬೇಕರಿ, ಸಂಜೆ ಗಾರ್ಮೆಂಟ್ಸ್ ಬಿಟ್ಟು ಬರುವ ಹೆಂಗಸರು, ಎಲ್ಲ ಸಮೇತ. ಗ್ನೋಮ್ ಕೂಡ ಹೀಗೆಯೇ. ಒಂದು ಕಡೆ ಡ್ವಾರ್ಫ್, ಅದಕ್ಕೆ ಗಣಿ, ಕೊಡಲಿ, ಗಡ್ಡ. ಇನ್ನೊಂದು ಕಡೆ ಹಾಫ್ಲಿಂಗ್, ಅದಕ್ಕೆ ಊಟ, ಒಲೆ, ಅದೃಷ್ಟ. ಆಚೆ ಎಲ್ಫ್, ಅದಕ್ಕೆ ಮಂತ್ರ, ಕಾಡು, ಗರ್ವ. ಮೂವರಿಗೂ ಹಂಚಿ ಉಳಿದದ್ದರ ಮೇಲೆ ಗ್ನೋಮ್ ನಿಂತಿದೆ: ಎತ್ತರ ಹಾಫ್ಲಿಂಗಿನದು, ವಾಸ ಡ್ವಾರ್ಫಿನಂತೆ ನೆಲದಡಿ, ಮಂತ್ರ ಎಲ್ಫಿನಿಂದ ಕೈಗಡ.

ಹಿಂದಿನ ಮಾದರಿಗಳು

ಮೂಲ ವಿನ್ಯಾಸ ಪ್ಯಾರಾಸೆಲ್ಸಸ್‌ನದು. 1541ರಲ್ಲಿ ತೀರಿಕೊಂಡ ಈ ವೈದ್ಯ, ಮೀನು ನೀರಿನಲ್ಲಿ ಓಡಾಡುವಂತೆ ಮಣ್ಣಿನೊಳಗೆ ತಡೆಯಿಲ್ಲದೆ ಓಡಾಡುವ ಕುಳ್ಳ ಜೀವಿಗಳ ಬಗ್ಗೆ ಬರೆದಿಟ್ಟು ಹೋಗಿದ್ದ. ಅವನ ಪ್ರಕಾರ ಅವು ನೆಲದೊಳಗಿನ ನಿಧಿಯನ್ನೂ ಕಾಯುತ್ತವೆ. ನಮ್ಮ ಕುಬೇರನ ಯಕ್ಷರಿಗೆ ಇದೇ ಕೆಲಸ ಅದೆಷ್ಟೋ ಹಿಂದೆಯೇ ಸಿಕ್ಕಿತ್ತು, ಆ ಮಾತು ಬೇರೆ.

ಗ್ಯಾರಿ ಗೈಗಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಹೊರತಂದಾಗ ಆಟಗಾರರಿಗೆ ಸಿಕ್ಕಿದ್ದು ಮನುಷ್ಯ, ಡ್ವಾರ್ಫ್, ಎಲ್ಫ್ ಮತ್ತು ಟೋಲ್ಕಿನ್‌ನಿಂದ ಎತ್ತಿಕೊಂಡ ಹಾಬಿಟ್. ಗ್ನೋಮ್ ಇದ್ದದ್ದು ರಾಕ್ಷಸರ ಪಟ್ಟಿಯಲ್ಲಿ. ಆಟಗಾರರ ಸಾಲಿಗೆ ಅದು ಬಂದದ್ದು 1978ರ ಪ್ಲೇಯರ್ಸ್ ಹ್ಯಾಂಡ್‌ಬುಕ್ಕಿನಲ್ಲಿ, ಅದೂ ಒಂದು ವಿಶೇಷ ಕೆಲಸದೊಂದಿಗೆ: ಮನುಷ್ಯರನ್ನು ಬಿಟ್ಟರೆ ಇಲ್ಯೂಷನಿಸ್ಟ್ ಆಗಬಹುದಾದದ್ದು ಗ್ನೋಮ್ ಮಾತ್ರ. ಇಲ್ಲದ್ದನ್ನು ಇದೆಯೆಂದು ತೋರಿಸುವ ಮಾಯಗಾರ ಅವನು. ಆದರೆ ಏಳನೇ ಮಟ್ಟದ ಆಚೆಗೆ ಬಡ್ತಿ ಇಲ್ಲ! ಈ ಪ್ರದೇಶದ ಬಳಕೆದಾರರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಆಮೇಲೆ ಪ್ರತಿ ಆವೃತ್ತಿಯೂ ಅದಕ್ಕೆ ಹೊಸ ಉದ್ಯೋಗ ಹುಡುಕಿತು. 1984ರಲ್ಲಿ ಶುರುವಾದ ಡ್ರ್ಯಾಗನ್‌ಲ್ಯಾನ್ಸ್ ಕತೆಗಳ ಗ್ನೋಮ್‌ಗಳು ಯಂತ್ರದ ಹುಚ್ಚರು, ನೆವರ್‌ಮೈಂಡ್ ಎಂಬ ಬೆಟ್ಟದೊಳಗೆ ಕೂತು ಒಂದು ತಿರುಪಿನ ಕೆಲಸಕ್ಕೆ ಮೂವತ್ತು ಗಾಲಿ ಜೋಡಿಸುವವರು. ಗ್ನೋಮ್ ಎಂದ ತಕ್ಷಣ ಕಣ್ಣಿಗೆ ಕನ್ನಡಕ, ಕೈಗೆ ಸ್ಪ್ಯಾನರ್ ಬಂದದ್ದು ಹೆಚ್ಚಾಗಿ ಅಲ್ಲಿಂದ. 2000ದ ಮೂರನೇ ಆವೃತ್ತಿ ಮತ್ತೆ ಇಲ್ಯೂಷನಿಸ್ಟ್ ಮಾಡಿತು. 2003ರ ಪರಿಷ್ಕರಣೆ 'ಬೇಡ, ಹಾಡು ಹೇಳು' ಎಂದು ಬಾರ್ಡ್ ಮಾಡಿತು. 2004ರಲ್ಲಿ ಬಂದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಕಂಪ್ಯೂಟರ್ ಆಟದಲ್ಲಿ ಗ್ನೋಮ್‌ಗಳು ಸ್ವಂತ ಊರು ಗ್ನೋಮರೆಗನ್ ಕಳೆದುಕೊಂಡು ಡ್ವಾರ್ಫ್‌ಗಳ ಪಟ್ಟಣದಲ್ಲಿ ಆಶ್ರಯ ಪಡೆದರು. ಅಲ್ಲಿ ರಾತ್ರಿ ಎಷ್ಟಕ್ಕೆ ಗೇಟು ಹಾಕುತ್ತಾರೋ.

ದೊಡ್ಡ ಪೆಟ್ಟು ಬಿದ್ದದ್ದು 2008ರಲ್ಲಿ. ನಾಲ್ಕನೇ ಆವೃತ್ತಿಯ ಮೊದಲ ಪುಸ್ತಕದಲ್ಲಿ ಎಂಟು ಕುಲಗಳಿಗೆ ಜಾಗವಿತ್ತು. ಡ್ರ್ಯಾಗನ್‌ಬಾರ್ನ್, ಟೀಫ್ಲಿಂಗ್‌ಗಳು ಒಳಗೆ ಬಂದವು, ಗ್ನೋಮ್ ಹೊರಗೆ ಹೋಯಿತು. ಹೋದದ್ದು ಎಲ್ಲಿಗೆ? ಮತ್ತೆ ರಾಕ್ಷಸರ ಪುಸ್ತಕಕ್ಕೆ. ಕಂಪನಿಯವರೇ ಮಾಡಿದ ಪ್ರಚಾರದ ಕಾರ್ಟೂನಿನಲ್ಲಿ ಗ್ನೋಮ್ ತಾನೀಗ ರಾಕ್ಷಸನೆಂದು ಹೇಳಿಕೊಂಡು ತನ್ನ ಸಣ್ಣ ದನಿಯಲ್ಲಿ ಗುರ್ ಎನ್ನುತ್ತದೆ. ಅಷ್ಟು ವರ್ಷ ದುಡಿಸಿಕೊಂಡವರು ಬೀಳ್ಕೊಡುಗೆಯ ದಿನ ನಗೆಪಾಟಲು ಮಾಡಬಾರದಿತ್ತು, ಇದು ಕೈಪಿಡಿ ಬರೆದವನ ಖಾಸಗಿ ಅಭಿಪ್ರಾಯ. ಆದರೆ ಇಲ್ಲಿ ಒಂದು ವಿಚಿತ್ರ ನಡೆಯಿತು. ಇದ್ದಾಗ ಯಾರೂ ಕೇಳದಿದ್ದ ಗ್ನೋಮನ್ನು ಹೋದ ಮೇಲೆ ಜನ ಕೇಳತೊಡಗಿದರು. 2009ರ ಮಾರ್ಚಿನಲ್ಲಿ, ಎರಡನೇ ಹ್ಯಾಂಡ್‌ಬುಕ್ಕಿನಲ್ಲಿ, ವಾಪಸ್ ಕರೆಸಿಕೊಂಡರು. ಇನ್ನೂ ಸೋಜಿಗ 2024ರ ಹ್ಯಾಂಡ್‌ಬುಕ್ಕಿನದು. ಕುಲ ಎಂಬ ಹಳೆಯ ಹೆಸರನ್ನೇ ಬಿಟ್ಟು ಎಲ್ಲವನ್ನೂ ಪ್ರಭೇದ ಎಂದು ಕರೆದ ಆ ಪುಸ್ತಕದಲ್ಲಿ, ಬಹಳ ಜನರ ಮೆಚ್ಚಿನ ಅರೆ-ಎಲ್ಫ್‌ಗೇ ಜಾಗ ಸಿಗಲಿಲ್ಲ. ಗ್ನೋಮ್ ಉಳಿಯಿತು. ಸಿಂಗಸಂದ್ರಕ್ಕೂ ಅದರ ಮರುವರ್ಷ, 2025ರ ಆಗಸ್ಟಿನಲ್ಲಿ, ಮೆಟ್ರೊ ಹಳದಿ ಮಾರ್ಗದ 16 ನಿಲ್ದಾಣಗಳಲ್ಲಿ ಒಂದು ಸಿಕ್ಕಿತು.

ಪೆಟ್ಟಿಗೆಯೊಳಗೆ ಏನಿದೆ

(2014ರ ನಿಯಮಗಳಂತೆ. ನಮ್ಮ ಡಿಎಂ ಬಳಿ ಇರುವುದು ಅದೇ ಪುಸ್ತಕ, ಅದೂ ಸಾಲ ತಂದದ್ದು.)

ಎತ್ತರ ಮೂರು ಅಡಿಗಿಂತ ಸ್ವಲ್ಪ ಹೆಚ್ಚು. ಆಯುಷ್ಯ 350ರಿಂದ 500 ವರ್ಷ; ಗೃಹಸಾಲ ಧೈರ್ಯವಾಗಿ ತೆಗೆಯಬಹುದು. ಮನುಷ್ಯ ಒಂದು ಸರದಿಗೆ 30 ಅಡಿ ನಡೆದರೆ ಗ್ನೋಮ್ 25 ಅಡಿ ನಡೆಯುತ್ತದೆ. ಹಾಗಾಗಿ ರಾಕ್ಷಸ ಅಟ್ಟಿಸಿಕೊಂಡು ಬಂದಾಗ ಕೊನೆಯಲ್ಲಿ ಉಳಿಯುವವರು ಯಾರೆಂಬ ಪ್ರಶ್ನೆಗೆ ಉತ್ತರ ಮೊದಲೇ ಮುದ್ರಿತವಾಗಿದೆ. ಭಾರಿ ಆಯುಧ ಎತ್ತಿದರೆ ದಾಳ ಎರಡು ಸಲ ಉರುಳಿಸಿ ಕಡಿಮೆಯದನ್ನು ಇಟ್ಟುಕೊಳ್ಳಬೇಕು. ಬದಲಿಗೆ ನಿಮ್ಮ ಬುದ್ಧಿ, ವಿವೇಕ, ವರ್ಚಸ್ಸುಗಳ ಮೇಲೆ ಯಾರಾದರೂ ಮಂತ್ರ ಹಾಕಿದರೆ ಎರಡು ಸಲ ಉರುಳಿಸಿ ಹೆಚ್ಚಿನದನ್ನು ಇಟ್ಟುಕೊಳ್ಳಬಹುದು. ನಿಜವಾದ ಸಂಪತ್ತು ಇದೇ. ಜಿಮ್ಮಿನ ಡ್ವಾರ್ಫ್ ಮಂತ್ರಕ್ಕೆ ಮರುಳಾಗಿ ಸ್ವಂತ ಪಾರ್ಟಿಯ ಮೇಲೇ ಕೊಡಲಿ ಎತ್ತಿದ ರಾತ್ರಿ ಎಲ್ಲರೂ ನಿಮ್ಮ ಕಡೆ ನೋಡುತ್ತಾರೆ.

ಬಂಡೆ ಗ್ನೋಮ್ ಆದರೆ ಇನ್ನೊಂದು ಸೌಲಭ್ಯ: ಒಂದು ಗಂಟೆ ಕೂತು, 10 ಚಿನ್ನದ ನಾಣ್ಯದ ಸಾಮಾನು ಹಾಕಿ, ಕೀಲಿ ಕೊಟ್ಟರೆ ಓಡುವ ಬೊಂಬೆಯನ್ನೋ ಕಿಡಿ ಹೊತ್ತಿಸುವ ಡಬ್ಬಿಯನ್ನೋ ಹಾಡುವ ಪೆಟ್ಟಿಗೆಯನ್ನೋ ಮಾಡಬಹುದು. ಅದಕ್ಕಿರುವ ಪ್ರಾಣ ಒಂದೇ ಅಂಕ. 24 ಗಂಟೆಗೆ ನಿಲ್ಲುತ್ತದೆ. ನಿಲ್ಲಬಾರದೆಂದರೆ ಮತ್ತೊಂದು ಗಂಟೆ ರಿಪೇರಿಗೆ ಕೂರಬೇಕು. ಸಾಫ್ಟ್‌ವೇರಿನವರು ಇದನ್ನು ಓದಿ 'ಇಷ್ಟೇನಾ' ಅನ್ನುತ್ತಾರೆ. ಬೊಮ್ಮಸಂದ್ರದಲ್ಲಿ ಲೇತ್ ಮೇಲೆ ಕೆಲಸ ಮಾಡುವ ಒಬ್ಬರನ್ನು ಆಟಕ್ಕೆ ಕರೆದುಕೊಂಡು ಬನ್ನಿ. ಆ ಬೊಂಬೆಯನ್ನು ಯಾವ ಬಾಗಿಲ ಸಂದಿಯಲ್ಲಿ ಬಿಟ್ಟರೆ ಕಾವಲುಗಾರ ಎದ್ದು ಹೋಗುತ್ತಾನೆ ಎಂದು ಯೋಚಿಸುವವರು ಅವರೇ.

ಹೆಸರು: ಗ್ನೋಮಿಗೆ ತಾಯಿ, ತಂದೆ, ಕುಲದ ಹಿರಿಯರು, ಅತ್ತೆ, ಚಿಕ್ಕಪ್ಪ ಒಬ್ಬೊಬ್ಬರೂ ಒಂದೊಂದು ಹೆಸರು ಇಡುತ್ತಾರೆ, ಅಡ್ಡಹೆಸರುಗಳು ಬೇರೆ. ಕ್ಯಾರೆಕ್ಟರ್ ಶೀಟಿನ ಹಿಂಬದಿಯನ್ನೂ ಬಳಸಿ.

ಅಳವಡಿಕೆ

ಮೊದಲು ರೂಪ. ಕೆಂಪು ಟೋಪಿ ಬೇಡವೆಂದಾಯಿತು. ಮಾದರಿ ಬೇಕಿದ್ದರೆ ಒಂದು ವಾರಾಂತ್ಯ ಬಾದಾಮಿಗೆ ಹೋಗಿ. ಕ್ರಿ.ಶ. 578ರ ಶಾಸನವಿರುವ ಮೂರನೇ ಗುಹೆಯಲ್ಲಿ ಎಲ್ಲರೂ ವಿಷ್ಣುವಿನ ಎತ್ತರದ ಮೂರ್ತಿಗಳ ಫೋಟೊ ತೆಗೆದುಕೊಂಡು ಇಳಿಯುತ್ತಾರೆ. ನೀವು ಕೆಳಗೆ, ಜಗತಿಯ ಪಟ್ಟಿಕೆ ನೋಡಿ. ಅಲ್ಲಿ ಕುಳ್ಳ ಗಣಗಳ ಸಾಲಿದೆ: ಡೊಳ್ಳು ಹೊಟ್ಟೆ, ಸೊಟ್ಟ ಕಾಲು, ಒಬ್ಬ ಕುಣಿಯುತ್ತಾನೆ, ಒಬ್ಬ ವಾದ್ಯ ನುಡಿಸುತ್ತಾನೆ, ಒಬ್ಬನ ಚೇಷ್ಟೆ ಇನ್ನೊಬ್ಬನಿಗಿಲ್ಲ. ಮೇಲಿರುವ ದೇವರಿಗೆ ಗೊತ್ತುಮಾಡಿದ ಭಂಗಿ ಉಂಟು. ಕೆಳಗಿರುವವರಿಗೆ ಶಿಲ್ಪಿ ಬಿಟ್ಟ ಸ್ವಾತಂತ್ರ್ಯ ನೋಡಿದರೆ, ಯಾರೂ ನೋಡದ ಜಾಗದಲ್ಲಿರುವುದರ ಲಾಭ ಏನೆಂದು ತಿಳಿಯುತ್ತದೆ. ಗ್ನೋಮನ್ನು ಆಡಿಸಬೇಕಾದದ್ದು ಹೀಗೆ. ಎಲ್ಫ್ ಹೇಗೆ ಮಾತಾಡಬೇಕೆಂದು ಟೇಬಲ್ ಸುತ್ತ ಕೂತ ಎಲ್ಲರಿಗೂ ಗೊತ್ತು, ತಪ್ಪಿದರೆ ತಿದ್ದುತ್ತಾರೆ. ಗ್ನೋಮ್ ಹೇಗಿರಬೇಕೆಂದು ಡಿಎಂಗೂ ಗೊತ್ತಿಲ್ಲ. ನೀವು ಹೇಳಿದ್ದೇ ಖರೆ.

ದನಿಯನ್ನು ನಟ ದ್ವಾರಕೀಶರಿಂದ ಪಡೆಯಬಹುದು. 1972ರ ಕುಳ್ಳ ಏಜೆಂಟ್ 000 ನೋಡಿ: ಬಾಂಡ್ ಆಗಲು ಎತ್ತರ ಬೇಕೆಂಬ ನಿಯಮ ಆ ಮನುಷ್ಯನ ಕಿವಿಗೇ ಬಿದ್ದಿಲ್ಲ.

ದೋಷ ಪರಿಹಾರ

ಯುದ್ಧದಲ್ಲಿ ನಿಮ್ಮ ಸರದಿಯನ್ನೇ ಮರೆತರು: ಸುಮ್ಮನಿರಿ. ರಾಕ್ಷಸನೂ ಮರೆತಿರುತ್ತಾನೆ.

ಎಲ್ಫ್ ನಿಮ್ಮನ್ನು ಡ್ವಾರ್ಫ್ ಎಂದು ಕರೆಯಿತು: ತಿದ್ದಬೇಡಿ. ಬಾಕಿ ಬಿಲ್ಲು ಡ್ವಾರ್ಫಿನ ಹೆಸರಿಗೆ ಹೋಗಲಿ.

ಆಟ ರಂಗೇರಿದಾಗಲೇ ಪಿಜಿ ಗೇಟಿನ ಹೊತ್ತಾಯಿತು: ಇದು ಉತ್ಪನ್ನದ ದೋಷವಲ್ಲ. ಓನರ್ ಆಂಟಿಯ ಮೇಲೆ ಮಾಯೆ ನಡೆಯುವುದಿಲ್ಲ.

ಗ್ನೋಮ್ ಸತ್ತಿತು: ಶೀಟಿನ ಮೇಲಿನ ಹೆಸರು ಅಳಿಸಿ ಹಿಂಬದಿಯಿಂದ ಅತ್ತೆ ಇಟ್ಟ ಹೆಸರನ್ನು ತಂದು ಬರೆಯಿರಿ. 'ಇವನು ಅವನ ತಮ್ಮ' ಎಂದು ಹೇಳಿ ಅದೇ ಕುರ್ಚಿಯಲ್ಲಿ ಕೂತುಕೊಳ್ಳಿ. ಡಿಎಂ ಒಪ್ಪುತ್ತಾನೆ. ಅಣ್ಣನನ್ನು ಅವನೂ ಸರಿಯಾಗಿ ನೋಡಿರುವುದಿಲ್ಲ.