ವರನ ದರ್ಜೆ ಯಾವುದು?

ಹೆಣ್ಣು ಹೆತ್ತವರ ಗಮನಕ್ಕೆ. ಡಿಆರ್‌ಡಿಒ ಹುಡುಗ ‘ಸೈಂಟಿಸ್ಟ್ ಬಿ’, ಬಾರ್ಕ್ ಹುಡುಗ ‘ಸೈಂಟಿಫಿಕ್ ಆಫೀಸರ್ ಸಿ’ ಅಂದಾಕ್ಷಣ, ಸಿ ಮೇಲಿನದು ಎಂದುಕೊಂಡು ಮುಂಬೈ ರೈಲು ಹತ್ತಬೇಡಿ. ಇಬ್ಬರದೂ ಹತ್ತನೇ ಲೆವೆಲ್ಲು, ಇಬ್ಬರಿಗೂ ಆರಂಭದ ಮೂಲ ವೇತನ ₹56,100. ಇಸ್ರೋದಲ್ಲಿ ಅದೇ ಕುರ್ಚಿಯ ಹೆಸರು ‘ಎಸ್‌ಸಿ’. ಆ ಎರಡಕ್ಷರ ಕಿವಿಗೆ ಬಿದ್ದೊಡನೆ ಜಾತಕ ಮಡಚುವ ಬೀಗರಿದ್ದಾರೆ. ಅದು ಹುದ್ದೆಯ ದರ್ಜೆ ಅಂತ ತಿಳಿದ ಮೇಲೆ ಅವರೇ ಎರಡನೇ ಸಲ ಕಾಫಿ ತರಿಸುತ್ತಾರೆ. ಮಂಗಳಕ್ಕೆ ನೌಕೆ ಕಳಿಸಿದವರನ್ನೂ ಮೊದಲು ಹಳೇ ಶ್ರೇಣಿಯಲ್ಲೇ ಅಳೆಯುವ ದೇಶ ನಮ್ಮದು.

ವಿಶ್ವವಿದ್ಯಾಲಯಗಳಿಗೆ ಅಕ್ಷರ ಸಾಲದು, ಬಿರುದು ಬೇಕು. ಹಿಂದೆ ಲೆಕ್ಚರರ್, ರೀಡರ್, ಪ್ರೊಫೆಸರ್ ಇದ್ದರು. ಆರನೇ ವೇತನ ಆಯೋಗದ ಕಾಲಕ್ಕೆ ಲೆಕ್ಚರರು ಸಹಾಯಕ ಪ್ರಾಧ್ಯಾಪಕರಾದರು, ರೀಡರು ಸಹ ಪ್ರಾಧ್ಯಾಪಕರಾದರು. ಈ ಸಹಾಯಕರು ಯಾರಿಗೂ ಸಹಾಯ ಮಾಡುವಂತಿಲ್ಲ. ನ್ಯಾಕ್ ಫೈಲು ತುಂಬುವುದರಲ್ಲೇ ಹೊತ್ತು ಮುಳುಗುತ್ತದೆ. 2018ರಲ್ಲಿ ಯುಜಿಸಿ ಎಲ್ಲರ ಮೇಲೆ ‘ಹಿರಿಯ ಪ್ರಾಧ್ಯಾಪಕ’ರನ್ನು ಕೂರಿಸಿತು. ಹತ್ತು ವರ್ಷ ಪ್ರಾಧ್ಯಾಪಕರಾಗಿದ್ದವರಿಗೆ, ಮಂಜೂರಾದ ಪ್ರಾಧ್ಯಾಪಕ ಹುದ್ದೆಗಳ ಶೇ. 10ರವರೆಗೆ ಈ ಭಾಗ್ಯ. ಮೂಲ ವೇತನ ₹1,82,200ರಿಂದ ಶುರು. ತುದಿಯಲ್ಲಿ ಜಾಗ ಮಾಡುವಾಗ ಯಾರಿಗೂ ಕೈ ನಡುಗಲಿಲ್ಲ.

ಜಿಪುಣತನವೆಲ್ಲ ಬುಡದಲ್ಲಿ. ನಮ್ಮ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಸಾವಿರಾರು ತರಗತಿಗಳನ್ನು ನಡೆಸುತ್ತಿರುವವರು ಅತಿಥಿ ಉಪನ್ಯಾಸಕರು. ಇವರಲ್ಲೂ ನೆಟ್, ಕೆ-ಸೆಟ್ ಪಾಸಾದವರಿದ್ದಾರೆ, ಪಿಎಚ್‌ಡಿ ಮಾಡಿದವರಿದ್ದಾರೆ. ಲೆವೆಲ್ಲು ಮಾತ್ರ ಇಲ್ಲ. 2019ರಲ್ಲಿ ಯುಜಿಸಿ ಒಂದು ಉಪನ್ಯಾಸಕ್ಕೆ ₹1,500, ತಿಂಗಳಿಗೆ ಗರಿಷ್ಠ ₹50,000 ಎಂದು ದರ ಬರೆದಿಟ್ಟಿತು. ಮುಷ್ಕರ ಹೂಡಿ 2024ರಲ್ಲಿ ಹೆಚ್ಚಳ ಪಡೆದರೂ ನಮ್ಮ ರಾಜ್ಯದ ಗೌರವಧನ ಆ ಗರಿಷ್ಠದ ಮುಖ ನೋಡಲಿಲ್ಲ. ಇವರ ಬಳಿ ಕಲಿತ ಹುಡುಗಿ ಜೆಆರ್‌ಎಫ್ ಗಿಟ್ಟಿಸಿದರೆ ಅವಳಿಗೆ ತಿಂಗಳಿಗೆ ₹37,000, ಮೇಲೆ ಮನೆ ಬಾಡಿಗೆ ಭತ್ಯೆ. ಕಲಿಸಿದವರಲ್ಲಿ ಎಷ್ಟೋ ಮಂದಿಗೆ ಅಷ್ಟೂ ಇಲ್ಲ.

ಸರ್ಕಾರಕ್ಕೊಂದು ಅರಿಕೆ. ಹಿರಿಯ ಪ್ರಾಧ್ಯಾಪಕರ ಮೇಲೆ ಅತಿ ಹಿರಿಯರನ್ನೂ, ಅವರ ಮೇಲೆ ಪರಮ ಹಿರಿಯರನ್ನೂ ಧಾರಾಳವಾಗಿ ಕೂರಿಸಿಕೊಳ್ಳಿ. ಅದಕ್ಕೆ ಮೊದಲು ಖಾಲಿ ಬಿದ್ದಿರುವ ಹತ್ತನೇ ಲೆವೆಲ್ಲಿನ ಸಹಾಯಕ ಪ್ರಾಧ್ಯಾಪಕ ಹುದ್ದೆಗಳಿಗೆ ಅಧಿಸೂಚನೆ ಹೊರಡಿಸಿ. ಪದೋನ್ನತಿಗೂ ಮುಂಚೆ ಪದವೊಂದು ಇರಬೇಕಲ್ಲ.