ಹೋಟೆಲು ತಾರತಮ್ಯ

ತಾನು ದಿನವೂ ತಿನ್ನುವ ಹೋಟೆಲಿಗೆ ನೆಂಟರನ್ನು ಕರೆದೊಯ್ಯಬಾರದು, ನೆಂಟರನ್ನು ಕರೆದೊಯ್ಯುವ ಹೋಟೆಲಿನಲ್ಲಿ ತಾನು ದಿನವೂ ತಿನ್ನಬಾರದು ಎಂಬ ಧರ್ಮಸೂಕ್ಷ್ಮವನ್ನು ಯಾವ ಸ್ಮೃತಿಕಾರನೂ ಬರೆದಿಟ್ಟಂತೆ ಕಾಣೆ. ಆದರೂ ತುರುವೇಕೆರೆಯಲ್ಲಿ ಹುಟ್ಟಿದ ಪ್ರತಿಯೊಬ್ಬ ಗೃಹಸ್ಥನೂ ಅದನ್ನು ಮೀಸೆ ಮೂಡುವುದಕ್ಕೆ ಮೊದಲೇ ಅರಿತಿರುತ್ತಾನೆ. ದಿನವೂ ಹೋಗುವ ಕಡೆ ಬೆಂಚಿನ ಕಾಲೊಂದು ಗಿಡ್ಡವಾಗಿರಬಹುದು, ಲೋಟದ ಅಂಚು ನೆಗ್ಗಿರಬಹುದು, ಗಲ್ಲಾದ ಮೇಲೆ ಕುಳಿತ ಯಜಮಾನನು ಹಳೆಯ ಬಾಕಿಯನ್ನು ನಾಲ್ವರ ಎದುರಿಗೇ ಜ್ಞಾಪಿಸಬಹುದು. ರುಚಿಯೊಂದಿದ್ದರೆ ಉಳಿದುದೆಲ್ಲವೂ ಕ್ಷಮ್ಯ. ಬೀಗರು ಬಂದರೆಂದರೆ ಮಾತ್ರ ರುಚಿಯು ವಿನಯದಿಂದ ಹಿಂದೆ ಸರಿದು, ಕೈ ತೊಳೆಯುವಲ್ಲಿ ಕನ್ನಡಿಯುಂಟೆ, ಹೆಂಗಸರು ಕೂರಲು ಬೇರೆ ಕೋಣೆಯುಂಟೆ, ಮಾಣಿಯು ನೀರಿನ ಲೋಟದೊಳಗೆ ಬೆರಳದ್ದದೆ ತರುವಷ್ಟು ಸಂಸ್ಕಾರವಂತನೆ ಎಂಬ ಪ್ರಶ್ನೆಗಳು ಮುಂದಕ್ಕೆ ಬಂದು ನಿಲ್ಲುತ್ತವೆ.

ಇಂಥ ಪ್ರಶ್ನೆಗಳ ನಿರ್ಣಯಕ್ಕಾಗಿಯೇ ಎಂಬಂತೆ ನಮ್ಮ ಬೀದಿಯ ಕಟ್ಟೆಯ ಮೇಲೆ ಸಾಯಂಕಾಲದ ಹೊತ್ತು ಒಂದು ಸಭೆ ನೆರೆಯುತ್ತದೆ. ಅದಕ್ಕೆ ಅಧ್ಯಕ್ಷರಿಲ್ಲ, ನಡವಳಿಯ ಪುಸ್ತಕವಿಲ್ಲ. ಆದರೂ ಅದರ ತೀರ್ಪಿಗೆ ತಾಲ್ಲೂಕು ಕಚೇರಿಯ ಆದೇಶಕ್ಕಿಂತ ಹೆಚ್ಚಿನ ಮನ್ನಣೆಯುಂಟು. ನಿವೃತ್ತರಾದ ಮೇಷ್ಟರೊಬ್ಬರು, ಕಕ್ಷಿದಾರರಿಗಿಂತ ಕಾಫಿಯನ್ನೇ ಹೆಚ್ಚಾಗಿ ನಂಬಿದ ವಕೀಲರೊಬ್ಬರು, ದಬ್ಬೇಘಟ್ಟದ ಕಡೆ ತೋಟವುಳ್ಳ ಯಜಮಾನರೊಬ್ಬರು, ಮಾಯಸಂದ್ರದಿಂದ ಬಂದು ಇಲ್ಲಿ ನೆಲೆಸಿದ ದರ್ಜಿಯೊಬ್ಬರು, ಇವರು ಅದರ ಕಾಯಂ ಸದಸ್ಯರು. ಊರಿನ ಹೋಟೆಲುಗಳನ್ನು ಮೊದಲನೆಯದು, ಎರಡನೆಯದು ಎಂದು ಪಂಕ್ತಿಯಲ್ಲಿ ಕೂರಿಸುವುದು ಸಭೆಯ ನಿತ್ಯಕರ್ಮ. ಆ ಹೆಸರುಗಳನ್ನು ನಾನು ಇಲ್ಲಿ ಬರೆಯಲಾರೆ. ಬರೆದೆನಾದರೆ ಮೊದಲನೆಯ ಸ್ಥಾನದವನು ಬೆಲೆಯೇರಿಸುತ್ತಾನೆ, ಎರಡನೆಯ ಸ್ಥಾನದವನು ನನ್ನ ಕಾಫಿಗೆ ನೀರೇರಿಸುತ್ತಾನೆ.

ಒಂದೇ ಹೋಟೆಲು ಎಲ್ಲ ಸಂದರ್ಭಕ್ಕೂ ಅಗ್ರಸ್ಥಾನಕ್ಕೆ ಅರ್ಹವಲ್ಲವೆಂಬುದು ಸಭೆಯ ಮೂಲಸಿದ್ಧಾಂತ. ಮಗನು ಹತ್ತನೆಯ ತರಗತಿಯಲ್ಲಿ ತೇರ್ಗಡೆಯಾದರೆ ಒಂದು, ನ್ಯಾಯಾಲಯದಲ್ಲಿ ಬದುವಿನ ತಕರಾರು ಗೆದ್ದರೆ ಇನ್ನೊಂದು, ಸೋತರೆ ಮತ್ತೊಂದು. ಸೋತವರಿಗೆ ಹಿಂಬಾಗಿಲುಳ್ಳ ಹೋಟೆಲೇ ಶ್ರೇಷ್ಠವೆಂದು ವಕೀಲರ ಅನುಭವಜನ್ಯ ಅಭಿಪ್ರಾಯ. ಮೇಲಧಿಕಾರಿಗಳು ತನಿಖೆಗೆ ಬಂದರೆ ಹೋಟೆಲೇ ಎದ್ದು ಪ್ರವಾಸಿ ಮಂದಿರಕ್ಕೆ ಹೋಗುತ್ತದಾದ್ದರಿಂದ ಆ ಊಟದ ಗುಣದೋಷವನ್ನು ನಮ್ಮಲ್ಲಿ ಯಾರೂ ಬಲ್ಲವರಿಲ್ಲ.

ಪರಊರಿನ ಅತಿಥಿಗಳದು ಬೇರೆಯದೇ ಸಮಸ್ಯೆ. ಅವರಿಗೆ ತೋರಿಸಲು ನಮ್ಮಲ್ಲಿ ಹೊಯ್ಸಳರ ಕಾಲದ ದೇವಾಲಯಗಳಿವೆ. ಚೆನ್ನಿಗರಾಯನನ್ನು ತೋರಿಸಿ, ಊರಿನ ಮೂಲೆ ಹಿಡಿದು ನಿಂತ ಮೂಲೆ ಶಂಕರೇಶ್ವರನನ್ನು ತೋರಿಸಿ, ಗಂಗಾಧರೇಶ್ವರನ ಎದುರಿನ ನಂದಿಯ ಬಳಿ ತಂದು ನಿಲ್ಲಿಸಿದರೆ, ಆ ಕರಿಯ ಕಲ್ಲಿನ ಮೈಯ ನುಣುಪನ್ನು ಕಂಡು ಮೂಗಿನ ಮೇಲೆ ಬೆರಳಿಡದವರಿಲ್ಲ. ಆದರೆ ಮೂಗಿನ ಮೇಲಿನ ಬೆರಳು ತೆಗೆದ ಮರುಕ್ಷಣವೇ ಅವರು, "ಇಲ್ಲಿ ತಿಂಡಿ ಎಲ್ಲಿ ಚೆನ್ನಾಗಿರುತ್ತೆ?" ಎನ್ನುತ್ತಾರೆ. ನಂದಿಯು ತಿಂಡಿ ಕೇಳುವುದಿಲ್ಲ. ನಂದಿಯನ್ನು ನೋಡಬಂದವರು ಕೇಳುತ್ತಾರೆ.

ಅದರಲ್ಲಿಯೂ ಬೆಂಗಳೂರಿನಿಂದ ಬರುವ ನೆಂಟನನ್ನು ಮೆಚ್ಚಿಸುವುದು ಬ್ರಹ್ಮನಿಗೂ ಅಸಾಧ್ಯ. ಅವನು ಬರುವ ದಾರಿಯೇ ಕೆಟ್ಟದ್ದು. ತುಮಕೂರಿಗೆ ಮೊದಲೇ ಕ್ಯಾತ್ಸಂದ್ರದಲ್ಲಿ ಕಾರು ನಿಲ್ಲಿಸಿ, ಅಂಗೈಯಗಲಕ್ಕೂ ಮೀರಿದ ತಟ್ಟೆ ಇಡ್ಲಿಗಳನ್ನು ಬೆಣ್ಣೆ ಸಮೇತ ಒಳಗಿಳಿಸಿ, ಗುಬ್ಬಿ, ನಿಟ್ಟೂರುಗಳನ್ನು ತೂಕಡಿಕೆಯಲ್ಲಿ ದಾಟಿ, ಕಿಬ್ಬನಹಳ್ಳಿ ಕ್ರಾಸಿನಲ್ಲಿ ಎಚ್ಚೆತ್ತು ಇನ್ನೊಂದು ಕಾಫಿ ಕುಡಿದು, ಹೊಟ್ಟೆಯಲ್ಲಿ ಹೋಲಿಕೆಗೆ ಬೇಕಾದ ಸಾಕ್ಷ್ಯವನ್ನೆಲ್ಲ ತುಂಬಿಕೊಂಡು ಬಂದಿಳಿಯುತ್ತಾನೆ. ಆಮೇಲೆ ನಮ್ಮ ಅತ್ಯುತ್ತಮ ಹೋಟೆಲಿನ ಅತ್ಯುತ್ತಮ ದೋಸೆಯ ಮುಂದೆ ಕುಳಿತು, ಅದರ ಒಂದು ಮೂಲೆಯನ್ನು ಮುರಿದು ಬಾಯಿಗಿಟ್ಟು, "ಪರವಾಗಿಲ್ಲ ಭಾವ, ಆದರೆ ಬೆಳಿಗ್ಗೆ ಕ್ಯಾತ್ಸಂದ್ರದಲ್ಲಿ ತಿಂದ್ವಿ ನೋಡಿ..." ಎಂದು ಆರಂಭಿಸುತ್ತಾನೆ. ಹಸಿವಿಲ್ಲದವನನ್ನು ಪರೀಕ್ಷಕನನ್ನಾಗಿ ನೇಮಿಸಬಾರದೆಂಬ ನಿಯಮವನ್ನು ಸಭೆಯು ಎಂದೋ ಅಂಗೀಕರಿಸಿದೆ. ಜಾರಿಗೆ ತರುವ ಉಪಾಯ ಮಾತ್ರ ಯಾರಿಗೂ ಹೊಳೆದಿಲ್ಲ.

ಇಷ್ಟೆಲ್ಲ ಸಂದರ್ಭಭೇದಗಳಿದ್ದರೂ ಕಡೆಗೆ ತೀರ್ಮಾನವಾಗುವುದು ಒಂದೇ ಪ್ರಮಾಣದಿಂದ, ಅದು ಚಟ್ನಿ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಮನುಷ್ಯನು ಇಡ್ಲಿಯ ಮೃದುತ್ವದಲ್ಲಿಯೂ ದೋಸೆಯ ಗರಿತನದಲ್ಲಿಯೂ ಉದಾರಿ. ಚಟ್ನಿಯ ವಿಷಯದಲ್ಲಿ ಅವನಷ್ಟು ಕಠೋರನಾದ ನ್ಯಾಯಾಧೀಶನು ಭೂಮಂಡಲದಲ್ಲಿಲ್ಲ. ನಮ್ಮ ತೋಟದ ಯಜಮಾನರು ಪರೀಕ್ಷಿಸುವ ಕ್ರಮವನ್ನು ನೋಡಬೇಕು. ಮಾಣಿಯು ಚಟ್ನಿ ಬಡಿಸಿ ಹೋದೊಡನೆ ಅವರು ಇಡ್ಲಿಯನ್ನು ಮುಟ್ಟದೆ, ತಟ್ಟೆಯ ಒಂದಂಚನ್ನು ಹೆಬ್ಬೆರಳಿನಿಂದ ತುಸು ಎತ್ತಿ ಓರೆಮಾಡುತ್ತಾರೆ. ಬಲಿತ ಕಾಯಿಯನ್ನು ಧಾರಾಳವಾಗಿ ತುರಿದು ಹಾಕಿದ ಚಟ್ನಿಯಾದರೆ ಅದರೊಳಗಿನ ಬೆಳ್ಳಗಿನ ನೀರು ಮೆಲ್ಲನೆ ಬೇರ್ಪಟ್ಟು ತಗ್ಗಿನ ಕಡೆಗೆ ಹರಿದು, ತುರಿಯು ಇದ್ದಲ್ಲಿಯೇ ತರಿತರಿಯಾಗಿ ನಿಲ್ಲುತ್ತದೆ. ಹುರಿಗಡಲೆಯನ್ನು ತುಂಬಿ ಕಾಯಿಯ ಹೆಸರು ಹೇಳಿದ ಚಟ್ನಿಯಾದರೆ ಅದು ಗಾರೆಯಂತೆ ಕಚ್ಚಿಕೊಂಡು, ತಟ್ಟೆಯನ್ನು ಎಷ್ಟೇ ಓರೆಮಾಡಿದರೂ ಕದಲದು. ಆಮೇಲೆ ಕಿರುಬೆರಳ ತುದಿಯಿಂದ ಒಂದಿಷ್ಟನ್ನು ನಾಲಗೆಗೆ ತಾಗಿಸಿ, ಕಣ್ಣು ಮುಚ್ಚಿ, ಕಾಯಿ ಎಳಸೋ ಬಲಿತದ್ದೋ, ನೀರಾರಿ ಕೊಬ್ಬರಿಯ ಕಡೆಗೆ ತಿರುಗಿ ಎಣ್ಣೆ ಬಿಟ್ಟದ್ದೋ ಎಂಬುದನ್ನು ಹೇಳುತ್ತಾರೆ. ಯಾವ ತೋಟದ್ದೆಂದೂ ಹೇಳಬಲ್ಲೆನೆಂಬುದು ಅವರ ವಾದ. ಅದರಲ್ಲಿ ನನಗೆ ಸಂದೇಹವಿಲ್ಲ. ಅವರು ಮೊದಲ ಸ್ಥಾನ ಕೊಟ್ಟಿರುವ ಹೋಟೆಲಿಗೆ ಕಾಯಿ ಹಾಕುವವರು ಅವರೇ.

ಈ ಚಟ್ನಿಯ ಭವಿಷ್ಯವಾದರೋ ಹೋಟೆಲಿನ ಒಲೆಯ ಮುಂದೆ ನಿರ್ಣಯವಾಗತಕ್ಕದ್ದಲ್ಲ, ತಿಪಟೂರಿನ ಕೊಬ್ಬರಿ ಮಾರುಕಟ್ಟೆಯಲ್ಲಿ. ನಮ್ಮ ಕಡೆಯ ಕಾಯಿಯ ಪರಮಪುರುಷಾರ್ಥ ಉಂಡೆಕೊಬ್ಬರಿಯಾಗುವುದು. ಕೊಯ್ದ ಕಾಯಿಯನ್ನು ಸಿಪ್ಪೆ ಸಹಿತ ಅಟ್ಟಕ್ಕೇರಿಸಿ, ಎಂಟು ಹತ್ತು ತಿಂಗಳು, ಕೆಲವೊಮ್ಮೆ ಇಡೀ ವರ್ಷ, ತಾಳ್ಮೆಯಿಂದ ಕಾದರೆ ಒಳಗಿನ ನೀರು ಇಂಗಿ, ತಿರುಳು ಕರಟವನ್ನು ಬಿಟ್ಟು, ಅಲ್ಲಾಡಿಸಿದಾಗ ಒಳಗೇ ಸದ್ದು ಮಾಡುತ್ತದೆ. ಆಗ ಕರಟವನ್ನೊಡೆದು ಒಡಕಿಲ್ಲದ ಉಂಡೆಯನ್ನು ತೆಗೆದು ಉತ್ತರ ಹಿಂದೂಸ್ಥಾನದ ಮದುವೆ ಹಬ್ಬಗಳಿಗೆ ಕಳುಹಿಸುತ್ತೇವೆ. ಬೆಲೆ ಬಿದ್ದಾಗ ಕಾಯಿಗೆ ಅಟ್ಟವೇರುವ ಉತ್ಸಾಹವಿರುವುದಿಲ್ಲ. ಏರಿದಾಗ ಅಟ್ಟದಿಂದ ಇಳಿಯುವ ಮನಸ್ಸಿರುವುದಿಲ್ಲ. 2024ರ ಹಂಗಾಮಿಗೆ ಸರ್ಕಾರವು ಉಂಡೆಕೊಬ್ಬರಿಗೆ ಕ್ವಿಂಟಾಲಿಗೆ 12,000 ರೂಪಾಯಿ ಬೆಂಬಲ ಬೆಲೆ ಗೊತ್ತುಮಾಡಿ, ಪೇಟೆಯ ಬೆಲೆ ಅದಕ್ಕಿಂತ ಬಹಳ ಕೆಳಗೆ ಬಿದ್ದಿದ್ದುದರಿಂದ ನಾಫೆಡ್ ಖರೀದಿಗೆ ಹೆಸರು ನೋಂದಾಯಿಸಲು ಬೆಳೆಗಾರರು ಸರತಿಯಲ್ಲಿ ನಿಂತರಷ್ಟೆ; ಆ ದಿನಗಳಲ್ಲಿ ನಮ್ಮ ಹೋಟೆಲುಗಳ ಚಟ್ನಿಯು ಅಪೂರ್ವ ಕಾಂತಿಯಿಂದ ಶೋಭಿಸುತ್ತಿತ್ತು. ಕೇಳಿದರೂ ಹಾಕುವರು, ಕೇಳದಿದ್ದರೂ ಹಾಕುವರು. ಮುಂದಿನ ವರ್ಷವೇ ಬೆಲೆ ಅದರ ಎರಡು ಪಟ್ಟನ್ನೂ ದಾಟಿತು. ಬೆಳೆಗಾರರ ಮುಖದಲ್ಲಿ ಕಾಂತಿ ಏರಿತು, ಚಟ್ನಿಯಲ್ಲಿ ಹುರಿಗಡಲೆ ಏರಿತು, ಎರಡನೆಯ ಸಲ ಚಟ್ನಿ ಕೇಳಿದವನನ್ನು ಮಾಣಿಯು ಸಾಲ ಕೇಳಬಂದವನನ್ನು ನೋಡುವ ರೀತಿಯಲ್ಲಿ ನೋಡತೊಡಗಿದನು.

ಆಗ ಅತ್ಯುಗ್ರವಾಗಿ ಪ್ರತಿಭಟಿಸಿದವರಾರು? ಸಂಬಳದ ಮೇಷ್ಟರಲ್ಲ, ಕೂಲಿಯವನಲ್ಲ. ಮುಂಜಾನೆ ತಿಪಟೂರಿಗೆ ಹೋಗಿ ಜೀವಮಾನದಲ್ಲಿ ಕಾಣದ ಬೆಲೆಗೆ ಕೊಬ್ಬರಿ ಮಾರಿ, ಸಂಜೆ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಬಂದ ತೋಟದ ಯಜಮಾನರೇ ತಟ್ಟೆಯನ್ನು ಓರೆಮಾಡಿ, "ತೆಂಗಿನ ಸೀಮೆಯಲ್ಲಿ ಇದೇನ್ರೀ ಅನ್ಯಾಯ!" ಎಂದು ಗರ್ಜಿಸಿದರು. ಗಲ್ಲಾದ ಮೇಲಿನವನು ಚಿಲ್ಲರೆ ಎಣಿಸುತ್ತಲೇ, "ನೀವು ಕಾಯಿ ಕೊಡಿ ಯಜಮಾನ್ರೇ, ಹಳೇ ರೇಟಲ್ಲಿ. ನಾಳೆಯಿಂದ ಕಡಲೆ ಮುಟ್ಟಿದರೆ ಕೇಳಿ" ಎಂದನು. ಯಜಮಾನರಿಗೆ ತಟಕ್ಕನೆ ಮನೆಯಲ್ಲಿ ಕೆಲಸ ಜ್ಞಾಪಕವಾಯಿತು. ಆ ಹೋಟೆಲು ಅಂದಿನ ಸಭೆಯಲ್ಲಿ ಮೊದಲನೆಯ ಸ್ಥಾನದಿಂದ ನಾಲ್ಕನೆಯದಕ್ಕೆ ಇಳಿಯಿತು.

ಸ್ಥಾನಭೇದವೆಂಬ ಈ ವಿದ್ಯೆಯನ್ನು ನಮಗೆ ಕಲಿಸಿದವರು ಉಡುಪಿಯವರೇ ಎಂದು ಮೇಷ್ಟರ ಊಹೆ. ಜೀವಜೀವರಿಗೂ ತಾರತಮ್ಯವುಂಟೆಂದು ಮಧ್ವಾಚಾರ್ಯರು ಸಾಧಿಸಿದ ಸೀಮೆಯಿಂದ ಹೊರಟವರಲ್ಲವೆ, ಕರ್ಣಾಟಕದ ಪೇಟೆಪೇಟೆಯಲ್ಲಿಯೂ ಒಲೆ ಹೂಡಿದವರು! ಮಯ್ಯ ಸಹೋದರರು ಬೆಂಗಳೂರಿನಲ್ಲಿ 1924ರಲ್ಲಿ ಆರಂಭಿಸಿ ಮುಂದೆ ಎಂ.ಟಿ.ಆರ್. ಎನಿಸಿಕೊಂಡದ್ದು, 1943ರಲ್ಲಿ ಗಾಂಧಿಬಜಾರಿನಲ್ಲಿ ತೆರೆದ ವಿದ್ಯಾರ್ಥಿ ಭವನ, ಇವೆರಡರಲ್ಲಿ ಯಾವುದು ಮೇಲು ಎಂದು ಬೆಂಗಳೂರಿನವರು ಇಂದಿಗೂ ಕಾದಾಡುತ್ತಿಲ್ಲವೆ? ಹಿಂದೆ ಕಾಫಿ ಕ್ಲಬ್ಬುಗಳಲ್ಲಿ ತಾರತಮ್ಯವು ಹೋಟೆಲಿಗಲ್ಲದೆ ಗಿರಾಕಿಗೇ ಅನ್ವಯಿಸುತ್ತಿದ್ದು, ಒಳಗೆ ಕೂರತಕ್ಕವರಾರು, ಹೊರಗೆ ನಿಲ್ಲತಕ್ಕವರಾರು ಎಂಬುದು ಜಾತಿಯಿಂದ ನಿಶ್ಚಯವಾಗುತ್ತಿತ್ತು. ಈಗ ಗಿರಾಕಿಗಳೇ ಒಂದು ಬೆಂಚಿನಲ್ಲಿ ಕುಳಿತು ಹೋಟೆಲನ್ನು ಒಳಗಿಡಬೇಕೋ ಹೊರಗಿಡಬೇಕೋ ಎಂದು ಚರ್ಚಿಸುವುದು ಎಷ್ಟೋ ವಾಸಿ. ಉಡುಪಿಯವರ ಸಾಂಬಾರಿನ ಬೆಲ್ಲವನ್ನು ಮಾತ್ರ ನಮ್ಮ ದರ್ಜಿ ಮಹಾಶಯರು ಈವರೆಗೂ ಕ್ಷಮಿಸಿಲ್ಲ.

ಒಮ್ಮೆ ಮೇಷ್ಟರು, ಅತಿಥಿಗಳನ್ನು ಕರೆದೊಯ್ಯಲು ಸರ್ವೋತ್ತಮವಾದ ಸ್ಥಳ ಎಡೆಯೂರು ಸಿದ್ಧಲಿಂಗೇಶ್ವರನ ಸನ್ನಿಧಿಯ ದಾಸೋಹವೇ ಎಂದು ಪ್ರತಿಪಾದಿಸಿ ಸಭೆಯನ್ನು ತಬ್ಬಿಬ್ಬುಗೊಳಿಸಿದರು. ರುಚಿಯುಂಟು, ಶುಚಿಯುಂಟು, ದರ್ಶನವೂ ಆಗುತ್ತದೆ, ಬಿಲ್ಲು ಬಾರದು. ವಕೀಲರು ಎದ್ದು, ಬಿಲ್ಲು ಕೊಡದ ಸಂಸ್ಥೆಯನ್ನು ಹೋಟೆಲೆಂದು ಪರಿಗಣಿಸಲಾಗದೆಂದು ಆಕ್ಷೇಪಿಸಿದರು. ಬಾಕಿ ಬರೆಸಿ ತಿನ್ನುವ ವಕೀಲರ ಪಾಲಿಗೆ ಹಾಗಾದರೆ ಊರಿನ ಯಾವುದೂ ಹೋಟೆಲಲ್ಲವಷ್ಟೆ ಎಂದು ಮೇಷ್ಟರು ಉತ್ತರಿಸಿದ ಮೇಲೆ ಸಭೆ ಬರಖಾಸ್ತಾಯಿತು.

ಮೇಲೆ ಹೇಳಿದುದೆಲ್ಲವೂ ಬಹಿರಂಗದ ಪಟ್ಟಿ. ಪಿಸುಮಾತಿನ ಪಟ್ಟಿಯೊಂದು ಬೇರೆಯುಂಟು. ಅದು ಮಿಲಿಟರಿ ಹೋಟೆಲುಗಳದು. ಸೋಮವಾರ ಚಟ್ನಿಯ ವಿಷಯದಲ್ಲಿ ವೇದಾಂತ ನುಡಿಯುವವರು ಭಾನುವಾರ ಮಧ್ಯಾಹ್ನ ಮುದ್ದೆ, ನಾಟಿಕೋಳಿ ಸಾರಿನ ಮುಂದೆ ಮೌನಿಗಳಾಗಿ ಕುಳಿತಿರುವುದನ್ನು ನಾನು ಬಲ್ಲೆ. ಅಳಿಯನು ಮೊದಲ ಸಲ ಮನೆಗೆ ಬಂದಾಗ ಈ ಪಟ್ಟಿಗೇ ಪ್ರಾಶಸ್ತ್ಯ. ಶ್ರಾವಣಮಾಸದಲ್ಲಿ ಅದು ಅಮಾನತಿನಲ್ಲಿರುತ್ತದೆ. ಯುಗಾದಿಯ ಮರುದಿನ, ವರ್ಷತೊಡಕಿನಂದು, ಅದನ್ನು ಪ್ರಶ್ನಿಸುವ ಧೈರ್ಯ ಯಾರಿಗೂ ಇರುವುದಿಲ್ಲ.

ಹೋದ ವರ್ಷ ನಮ್ಮಣ್ಣನ ಮಗಳನ್ನು ನೋಡಲು ಚಿಕ್ಕನಾಯಕನಹಳ್ಳಿ ಕಡೆಯವರು ಬರುವರೆಂದಾಗ ಸಭೆಯು ವಿಶೇಷ ಅಧಿವೇಶನ ನಡೆಸಿತು. ಮನೆಯಲ್ಲಿ ಉಪ್ಪಿಟ್ಟು ಕೇಸರಿಬಾತಿನ ಶಾಸ್ತ್ರ ಮುಗಿದ ಮೇಲೆ ಗಂಡಸರನ್ನು ಹೊರಗೆ ಕರೆದೊಯ್ದು ಹಗುರವಾಗಿ ಮಾತಾಡಿಸಬೇಕಷ್ಟೆ; ಎಲ್ಲಿಗೆ? ಬಹಳ ವಾದವಾದ ಮೇಲೆ ಕನ್ನಡಿಯೂ ಬೇರೆ ಕೋಣೆಯೂ ಇರುವ, ಮೆತ್ತನೆಯ ಕುರ್ಚಿಗಳ ಹೊಸ ಹೋಟೆಲೇ ಸರಿಯೆಂದು ನಿರ್ಣಯವಾಯಿತು. ಅಲ್ಲಿ ನಮ್ಮವರಾರೂ ಎಂದೂ ತಿಂದವರಲ್ಲ. ಬೀಗರು ಕುಳಿತರು, ಕುರ್ಚಿಯನ್ನು ಮೆಚ್ಚಿದರು, ದೋಸೆಗಳು ಬಂದವು. ವರನ ಸೋದರಮಾವನು ದೋಸೆಯನ್ನು ಮುಟ್ಟಲಿಲ್ಲ. ಹೆಬ್ಬೆರಳಿನಿಂದ ತಟ್ಟೆಯ ಅಂಚನ್ನು ತುಸು ಎತ್ತಿ ಓರೆಮಾಡಿದನು.

ಚಟ್ನಿಯು ಕದಲಲಿಲ್ಲ. ನಮ್ಮಣ್ಣನ ಮುಖದಲ್ಲಿ ರಕ್ತವಿಲ್ಲ. ಮಾವನು ತಟ್ಟೆಯನ್ನು ಕೆಳಗಿಳಿಸಿ, ಬಹಳ ಗೌರವದಿಂದ, "ನಿಮ್ಮ ಕಡೆಯೂ ಕೊಬ್ಬರಿ ಚೆನ್ನಾಗಿ ಏರಿದೆ ಅನ್ನಿ" ಎಂದನು. ಅಲ್ಲಿಂದ ಮಾತು ತಿಪಟೂರಿಗೆ ಹೋಯಿತು. ಅಟ್ಟದಲ್ಲಿ ಯಾರದೆಷ್ಟಿದೆ, ಇನ್ನೂ ಕಾಯಬೇಕೋ ಮಾರಬೇಕೋ, ಕಪ್ಪುತಲೆ ಹುಳುವಿಗೆ ಏನು ಮಾಡಿದಿರಿ ಎಂದು ಬೆಳೆಯಿತು. ಹುಡುಗ ಹುಡುಗಿಯರ ಸುದ್ದಿ ಮರೆತೇಹೋಗಿ, ಮಾಣಿಯು ಬಂದು ಮೇಜು ಒರೆಸುವ ನೆಪದಲ್ಲಿ ಎಬ್ಬಿಸುವವರೆಗೂ ಇಬ್ಬರು ಬೀಗರೂ ಪರಸ್ಪರರ ಅಟ್ಟವನ್ನು ಅಳೆದರು. ಸಂಬಂಧ ಕುದುರಿತು. ವರದಕ್ಷಿಣೆಯ ಮಾತನ್ನೆತ್ತದ ಆ ಸಜ್ಜನರು ಒಂದೇ ಒಂದು ಷರತ್ತನ್ನು ಹಾಕಿದರು: ಛತ್ರ ನಿಮ್ಮಿಷ್ಟ, ಮುಹೂರ್ತ ನಿಮ್ಮಿಷ್ಟ, ಬೆಳಗಿನ ತಿಂಡಿಗೆ ಕಾಯಿ ಮಾತ್ರ ನಮ್ಮ ತೋಟದ್ದು.